ಕಾಣದ ಲೇಪ

ಮಾಡಿ ಮುಗಿಸಿದ ಮೇಲೆ ಕಣ್ಣಿಗೆ ಕಾಣುವ ಕೆಲಸಗಳಿವೆ. ಮಾಡಿ ಮುಗಿಸಿದೊಡನೆಯೇ ಮರೆಯಾಗುವ ಕೆಲಸಗಳೂ ಇವೆ. ಮೊದಲನೆಯ ಬಗೆಯವುಗಳಿಗೆ ಲೋಕದ ಕಣ್ಣೇ ಕಾವಲು. ಸೊಟ್ಟಗೆ ಕಟ್ಟಿದ ಗೋಡೆಯನ್ನು ದಾರಿಹೋಕನೂ ಗುರುತಿಸುವನು. ಉಪ್ಪಿಲ್ಲದ ಸಾರನ್ನು ಮನೆಯ ಮಗುವೂ ಬಲ್ಲುದು. ಎರಡನೆಯ ಬಗೆಯವುಗಳಿಗೆ ಅಂಥ ಕಾವಲಿಲ್ಲ. ಮಾಡಿದವನ ಹೊರತು ಅವುಗಳಿಗೆ ಬೇರೆ ಸಾಕ್ಷಿಯಿಲ್ಲ. ಹೀಗಿರಲು, ಮರೆಯಾಗಲೆಂದೇ ಮಾಡುವ ಕೆಲಸವನ್ನು ಚೆನ್ನಾಗಿ ಮಾಡಬೇಕೆಂಬ ಕಟ್ಟಳೆಯು ಯಾವುದರ ಮೇಲೆ ನಿಂತಿದೆ?

ಈ ಪ್ರಶ್ನೆಯನ್ನು ಬರಿಯ ಮಾತಿನಿಂದ ಬಿಡಿಸಹೊರಟರೆ ಮಾತೇ ಬೆಳೆಯುತ್ತದೆ. ಆದುದರಿಂದ ನಾವೆಲ್ಲರೂ ದಿನವೂ ಮುಟ್ಟಿ ತೆರೆಯುವ ಮನೆಯ ಕದವನ್ನೇ ಮುಂದಿಟ್ಟುಕೊಂಡು ವಿಚಾರಿಸೋಣ. ಕದಕ್ಕೆ ಬಣ್ಣವನ್ನೋ ವಾರ್ನಿಷನ್ನೋ ಹಚ್ಚುವ ಮುನ್ನ ಮರವನ್ನು ಒಣಗಿಸಿ, ಉಜ್ಜಿ, ಅದರ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿ, ಮೇಲಿನ ಬಣ್ಣಕ್ಕೆ ಹಿಡಿತ ಕೊಡುವ ಮೊದಲ ಲೇಪವೊಂದನ್ನು ಕೊಡುವುದುಂಟು. ಪೇಟೆಯಲ್ಲಿ ಇದನ್ನು ಪ್ರೈಮರ್ ಎನ್ನುವರು. ಅಸ್ತರು ಎಂಬ ಹಳೆಯ ಮಾತೂ ಇದೆ. ಅಂಗಿಯೊಳಗಿನ ಅಸ್ತರಿನಂತೆಯೇ ಇದೂ. ಹೊರಗಿನ ಬಟ್ಟೆಗೆ ಆಕಾರವನ್ನು ಕೊಡುವುದು ಅದು; ನೋಡಿದವರು ಹೊಗಳುವುದು ಮಾತ್ರ ಹೊರಗಿನ ಬಟ್ಟೆಯನ್ನು.

ನಂದಗಡದಂಥ ಊರಿನಲ್ಲಿ ಇದು ಪುಸ್ತಕದ ವಿಚಾರವಲ್ಲ. ನಮ್ಮ ಖಾನಾಪುರ ತಾಲ್ಲೂಕು ಒಂದು ಮಗ್ಗುಲಿನಲ್ಲಿ ಮಲೆನಾಡು, ಇನ್ನೊಂದು ಮಗ್ಗುಲಿನಲ್ಲಿ ಬಯಲು. ಪಶ್ಚಿಮಕ್ಕೆ, ಮಲಪ್ರಭೆಯು ಹುಟ್ಟುವ ಕಣಕುಂಬಿಯ ಕಡೆ, ಮಳೆ ಹಿಡಿಯಿತೆಂದರೆ ವಾರಗಟ್ಟಲೆ ಬಿಡದು; ಪೂರ್ವಕ್ಕೆ, ಬೀಡಿ ಕಿತ್ತೂರುಗಳತ್ತ ಸಾಗಿದಂತೆ, ನೆಲವು ಒಣಗುತ್ತ ಹೋಗುವುದು. ಎರಡರ ನಡುವೆ ಇರುವ ನಮ್ಮ ಮನೆಗಳ ಕದಗಳು ಆಷಾಢದಲ್ಲಿ ಉಬ್ಬಿ ಚೌಕಟ್ಟನ್ನು ಕಚ್ಚಿಕೊಳ್ಳುತ್ತವೆ. ಚೈತ್ರ ಬಂದಾಗ ಅವೇ ಕದಗಳ ಹಲಗೆಗಳ ಸಂದಿನಲ್ಲಿ ಬೆಳಕು ಇಣುಕುತ್ತದೆ. ತೇಗ, ಮತ್ತಿ, ಹೊನ್ನೆ, ಹಲಸು ಮೊದಲಾದ ಮರಗಳಿಗೆ ಬಡವಲ್ಲದ ಸೀಮೆ ಇದು. ಮರವನ್ನು ಕಾಪಾಡುವ ವಿಷಯದಲ್ಲಿ ಮಾತ್ರ ನಾವು ಅಷ್ಟು ಶ್ರೀಮಂತರಲ್ಲ.

ಊರಿಗೆ ಬಂದವರು ಸಂಗೊಳ್ಳಿ ರಾಯಣ್ಣನ ಸಮಾಧಿಯ ಬಳಿಯ ಆಲದ ಮರವನ್ನು ನೋಡದೆ ಹೋಗುವುದಿಲ್ಲ. 1831ರ ಜನವರಿ 26ರಂದು ರಾಯಣ್ಣನನ್ನು ಗಲ್ಲಿಗೇರಿಸಿದ ಊರಿದು. ಆ ಆಲವನ್ನು ಅಷ್ಟೊಂದು ಮಳೆಗಾಲಗಳಲ್ಲಿ ಕಾಯ್ದುದು ಯಾವ ಎಣ್ಣೆಯೂ ಅಲ್ಲ, ಬಣ್ಣವೂ ಅಲ್ಲ, ತೊಗಟೆ. ಜೀವವಿರುವ ಮರವು ತನ್ನ ಹೊದಿಕೆಯನ್ನು ಒಳಗಿನಿಂದ ತಾನೇ ನೆಯ್ದುಕೊಳ್ಳುತ್ತದೆ. ಗಾಯವಾದರೆ ಅಂಚುಗಳನ್ನು ಬೆಳೆಸಿ ಮುಚ್ಚಿಕೊಳ್ಳುತ್ತದೆ. ಕಡಿದ ಮರಕ್ಕೆ ಈ ಸಾಮರ್ಥ್ಯವಿಲ್ಲ. ಆದರೆ ಅದು ನೀರನ್ನು ಕುಡಿಯುವ ಸ್ವಭಾವವನ್ನು ಮಾತ್ರ ಬಿಟ್ಟಿಲ್ಲ. ಇಲ್ಲಿಯೇ ಎಲ್ಲ ತೊಡಕೂ ಹುಟ್ಟುವುದು.

ಮರವೆಂದರೆ ಒತ್ತಾಗಿ ಕಟ್ಟಿದ ಸೂಕ್ಷ್ಮ ಕೊಳವೆಗಳ ಕಂತೆ. ಹಸಿಯಿದ್ದಾಗ ಕೊಳವೆಗಳ ಒಳಗೂ ನೀರು, ಅವುಗಳ ಗೋಡೆಯಲ್ಲಿಯೂ ನೀರು. ಒಳಗಿನ ನೀರು ಆರುವವರೆಗೆ ಮರದ ಅಳತೆಯಲ್ಲಿ ಬದಲಾವಣೆಯಿಲ್ಲ. ತೇವವು ಮರದ ಒಣತೂಕದ ನೂರಕ್ಕೆ 25-30 ಪಾಲಿಗೆ ಇಳಿದ ಮೇಲೆ ಗೋಡೆಗಳ ನೀರು ಆರತೊಡಗುತ್ತದೆ. ಆಗ ಮರವು ಕುಗ್ಗುತ್ತದೆ. ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಕುಗ್ಗಿದ್ದರೆ ಬಡಿಗರ ಕಷ್ಟ ಅರ್ಧವಾಗುತ್ತಿತ್ತು. ಉದ್ದಕ್ಕೆ ಅದು ಸಾವಿರಕ್ಕೆ ಒಂದೆರಡು ಪಾಲಿನಷ್ಟು ಮಾತ್ರ ಕುಗ್ಗುವುದು. ಅಡ್ಡಕ್ಕೆ, ವರ್ಷವಲಯಗಳ ಸುತ್ತಿನಲ್ಲಿ, ಮರದ ಜಾತಿಯನ್ನನುಸರಿಸಿ ನೂರಕ್ಕೆ ನಾಲ್ಕೈದರಿಂದ ಹತ್ತರವರೆಗೂ ಕುಗ್ಗಬಹುದು. ತಿರುಳಿನಿಂದ ಹೊರಕ್ಕೆ ಎಳೆದ ಗೆರೆಯಲ್ಲಿ ಸುಮಾರು ಅದರ ಅರ್ಧ. ತೇಗಕ್ಕೆ ಇಷ್ಟು ಗೌರವ ಬಂದುದಕ್ಕೆ ಅದು ಕಡಮೆ ಕುಗ್ಗುವುದೂ ಒಂದು ಕಾರಣ. ಗಾಳಿಯಲ್ಲಿ ತೇವ ಹೆಚ್ಚಿದಾಗ ಇದೇ ಆಟ ಹಿಮ್ಮುಖವಾಗಿ ನಡೆಯುತ್ತದೆ. ಮೇಲೆ ಹಚ್ಚಿದ ಬಣ್ಣವಾದರೋ ಹಿಗ್ಗಲಾರದ ಒಂದು ತೆಳು ಪೊರೆ. ಕೆಳಗಿನ ನೆಲವು ಅಲುಗಾಡುತ್ತಿರಲು ಮೇಲಿನ ಪೊರೆ ಎಷ್ಟು ಕಾಲ ಅಂಟಿಕೊಂಡಿರಬಲ್ಲುದು?

ಆದುದರಿಂದ ಬಣ್ಣಕ್ಕೆ ಮುನ್ನ ಮಾಡಬೇಕಾದ ಕೆಲಸವು ಬಣ್ಣದ ಕೆಲಸಕ್ಕಿಂತ ದೊಡ್ಡದು. ನಮ್ಮ ಶಾಸ್ತ್ರಕಾರರು ಸಂಸ್ಕಾರವನ್ನು ಎರಡು ಬಗೆಯದಾಗಿ ವಿಂಗಡಿಸಿರುವರು: ಇರುವ ದೋಷವನ್ನು ಕಳೆಯುವುದು ಒಂದು, ಇಲ್ಲದ ಗುಣವನ್ನು ತಂದಿಡುವುದು ಇನ್ನೊಂದು. ದೋಷಾಪನಯನ, ಗುಣಾಧಾನ ಎಂಬ ಈ ಎರಡು ಮಾತುಗಳನ್ನು ನಾನು ತರ್ಕದ ಪಾಠದಲ್ಲಿ ಹುಡುಗರಿಗೆ ಹೇಳುವಾಗ ಯಜ್ಞಪಾತ್ರೆಯ ಉದಾಹರಣೆಗಿಂತ ಬಡಿಗನ ಅಂಗಳದ ಉದಾಹರಣೆಯೇ ಬೇಗ ಹತ್ತುತ್ತದೆ. ಕದವು ಮೊದಲು ಒಣಗಬೇಕು. ತೇವವು ನೂರಕ್ಕೆ ಹನ್ನೆರಡರ ಸುಮಾರಿಗೆ ಇಳಿದಿದ್ದರೆ ಉತ್ತಮ, ನಮ್ಮ ಸೀಮೆಯ ಗಾಳಿಯಲ್ಲಿ ಒಂದೆರಡು ಪಾಲು ಹೆಚ್ಚಿದ್ದರೂ ನಡೆದೀತು. ಬಳಿಕ ರಂಧದ ಗೆರೆಗಳನ್ನು ಮರಳುಕಾಗದದಿಂದ, ನಾರಿನ ದಿಕ್ಕಿನಲ್ಲಿಯೇ, ಉಜ್ಜಿ ತೆಗೆಯಬೇಕು. ಅಡ್ಡ ಉಜ್ಜಿದ ಗೀರು ವಾರ್ನಿಷಿನ ಕೆಳಗೆ ಎದ್ದು ಕಾಣುವುದು. ಕೆತ್ತಿದ ಮರವನ್ನು ಬಿಸಿಲಿಗೆ ಹಾಗೆಯೇ ನಿಲ್ಲಿಸಿಟ್ಟು ಕೆಲವು ವಾರ ಮರೆತರೆ ಅದರ ಮೇಲ್ಪದರ ಬಿಸಿಲಿನಿಂದ ಕೆಟ್ಟು ಪುಡಿಯಾಗತೊಡಗುತ್ತದೆ. ಕಣ್ಣಿಗೆ ಅದು ಕಾಣದು. ಆ ಪುಡಿಯ ಮೇಲೆ ಹಚ್ಚಿದ ಬಣ್ಣ ಪುಡಿಯನ್ನು ಹಿಡಿದುಕೊಂಡೀತೇ ಹೊರತು ಮರವನ್ನು ಹಿಡಿಯಲಾರದು. ಅಂಥ ಮರವನ್ನು ಮತ್ತೆ ಉಜ್ಜಲೇಬೇಕು.

ಮರಮರಕ್ಕೂ ದೋಷ ಬೇರೆ. ತೇಗದಲ್ಲಿ ಅದರದೇ ಆದ ಎಣ್ಣೆಯುಂಟು. ಹುಳುವನ್ನು ದೂರವಿಡುವುದರಲ್ಲಿ ಪಾಲುಳ್ಳ ಈ ಗುಣವೇ ವಾರ್ನಿಷನ್ನು ಒಣಗಗೊಡದ ದೋಷವಾಗಿ ಪರಿಣಮಿಸುತ್ತದೆ. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಆರಿದ ಕೂಡಲೇ ಮೊದಲ ಲೇಪವನ್ನು ಕೊಡುವುದು ಅದಕ್ಕೆ ಮದ್ದು. ಹೊನ್ನೆಯ ಬಟ್ಟಲಿನಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುವವರಿಗೆ ಆ ಮರವು ನೀರಿಗೆ ಬಣ್ಣ ಬಿಡುವುದು ಗೊತ್ತಿದೆ. ಹಾಗೆಯೇ ಅದು ತೇವಗೊಂಡಾಗ ಬಿಳಿಯ ಬಣ್ಣದೊಳಗಿಂದಲೂ ಹಳದಿ ಕಲೆಯನ್ನು ಹೊರಸೂಸುತ್ತದೆ. ಗಂಟುಗಳಲ್ಲಿ ರಾಳವಿರುವ ದೇವದಾರು ಪೈನ್ ಮರಗಳಲ್ಲಿ ಬಿಸಿಲೇರಿದಂತೆ ರಾಳವು ಕರಗಿ ಬಣ್ಣವನ್ನು ಒಡೆದು ಬರುತ್ತದೆ. ಇದಕ್ಕೆಲ್ಲ ಹಿಂದಿನಿಂದ ನಂಬಿದ ಉಪಾಯ ಅರಗು. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಗಂಟಿನ ಮೇಲೆ ಒಂದೆರಡು ಸಲ ತೆಳುವಾಗಿ ಸವರಿದರೆ ರಾಳಕ್ಕೆ ದಾರಿ ಕಟ್ಟಿದಂತೆ. ಮಳೆ ಬೀಳುವ ಹೊರಗದಕ್ಕೆ ಪೂರ್ತಿ ಅರಗಿನ ಹೊಳಪನ್ನೇ ಕೊಡುವುದು ಸಲ್ಲದು. ನೀರು ಮುಟ್ಟಿದರೆ ಅದು ಬೆಳ್ಳಗೆ ಮಂಕಾಗುತ್ತದೆ.

ಇಷ್ಟಾದ ಮೇಲೆ ಗುಣಾಧಾನ. ಮೊದಲ ಲೇಪವನ್ನು ತೆಳುವಾಗಿ ಕೊಡಬೇಕೆಂಬುದರಲ್ಲಿ ಒಂದು ತತ್ತ್ವವಿದೆ. ಅದು ಮರದ ಮೇಲೆ ಕುಳಿತುಕೊಳ್ಳಲು ಬಂದುದಲ್ಲ, ಮರದೊಳಕ್ಕೆ ಇಳಿಯಲು ಬಂದುದು. ನಮ್ಮ ಉತ್ತರ ಕರ್ನಾಟಕದ ಹೊಲಗಳ ಅಗಸೆಯ ಎಣ್ಣೆಯು ಈ ಕೆಲಸಕ್ಕೆ ಲೋಕದಲ್ಲೆಲ್ಲ ಹೆಸರಾದುದು. ಅದು ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಒಣಗಿದಾಗ ತೂಕ ಕಳೆದುಕೊಳ್ಳುವ ಬದಲು ಹೆಚ್ಚಿಸಿಕೊಳ್ಳುವ ವಸ್ತುವಿದು. ಹೀಗೆ ಗಟ್ಟಿಯಾಗುವಾಗ ಶಾಖ ಹುಟ್ಟುವುದರಿಂದ, ಈ ಎಣ್ಣೆಯಲ್ಲಿ ನೆನೆದ ಬಟ್ಟೆಗಳನ್ನು ಮುದ್ದೆಯಾಗಿ ಮೂಲೆಗೆ ಎಸೆದರೆ ತಾವಾಗಿಯೇ ಉರಿ ಹತ್ತಿಕೊಳ್ಳಬಹುದು. ಕೆಲಸ ಮುಗಿದ ಮೇಲೆ ಅವನ್ನು ಬಯಲಿನಲ್ಲಿ ಹರವಿ ಒಣಗಿಸಬೇಕು, ಇಲ್ಲವೆ ನೀರಿನಲ್ಲಿ ಮುಳುಗಿಸಿಡಬೇಕು. ಗೃಹಸ್ಥರು ಇದನ್ನು ಮರೆಯಬಾರದು. ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ತೊಲೆಗಳಿಗೂ ದೋಣಿಗಳಿಗೂ ಸವರುವ ಪದ್ಧತಿ ಕರಾವಳಿಯಲ್ಲಿದೆ. ಗೆದ್ದಲಿಗೆ ಅದು ವೈರಿ. ಕೈಗೆ ತಾಗಿದರೆ ಬೊಕ್ಕೆ ಏಳುವುದರಿಂದ ಸವರುವವನಿಗೂ ಮಿತ್ರನಲ್ಲ. ಮೊದಲ ಲೇಪ ಆರಿದ ಮೇಲೆ ಮರದ ನಾರುಗಳು ಮುಳ್ಳಿನಂತೆ ನಿಮಿರಿರುತ್ತವೆ. ಅವನ್ನು ಹಗುರವಾಗಿ ಉಜ್ಜಿ, ಧೂಳು ಒರೆಸಿ, ಆಮೇಲೆ ಎರಡನೆಯ ಲೇಪ. ಆತುರದವರು ಬಿಡುವುದು ಈ ನಡುವಿನ ಉಜ್ಜುವಿಕೆಯನ್ನೇ.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ತೇವವಿರುವ ಮರಕ್ಕೆ ಈ ಲೇಪವನ್ನು ಕೊಟ್ಟರೆ ಅದು ರಕ್ಷೆಯಾಗುವುದಿಲ್ಲ, ಸೆರೆಯಾಗುತ್ತದೆ. ಒಳಗಿನ ನೀರು ಹೊರಬರಲಾರದೆ ಬಣ್ಣವನ್ನು ಬೊಕ್ಕೆಯೆಬ್ಬಿಸುತ್ತದೆ. ತೇವ ನೂರಕ್ಕೆ ಇಪ್ಪತ್ತನ್ನು ಮೀರಿ ಹಾಗೆಯೇ ನಿಂತರೆ ಬೂಷ್ಟು ಹುಟ್ಟಿ ಮರವು ಒಳಗೊಳಗೇ ಕೊಳೆಯುತ್ತದೆ. ಒಣಮರವನ್ನು ಹೊರಗಿನ ನೀರಿನಿಂದ ಕಾಪಾಡುವ ಕೈಯೇ ಹಸಿಮರವನ್ನು ಅದರ ಒಳಗಿನ ನೀರಿನಲ್ಲಿ ಮುಳುಗಿಸಿ ಕೊಲ್ಲುತ್ತದೆ. ಲೇಪವೂ ಅದೇ, ಕೈಯೂ ಅದೇ. ಬೇರೆಯಾದುದು ಸಮಯ ಮಾತ್ರ. ಮೊದಲು ದೋಷಾಪನಯನ, ಬಳಿಕ ಗುಣಾಧಾನ ಎಂಬ ಕ್ರಮವನ್ನು ಪಂಡಿತರು ಮಾತಿನ ಸೊಗಸಿಗಾಗಿ ಇಟ್ಟುದೆಂದು ತಿಳಿಯಬಾರದು. ಎಂಟು ವರ್ಷದ ಹುಡುಗನ ಬಾಯಿಗೆ ಅರ್ಥವಾಗದ ದೊಡ್ಡ ಮಾತುಗಳನ್ನು ತುಂಬಿ, ಸಭೆಯಲ್ಲಿ ಹೇಳಿಸಿ, ಚಪ್ಪಾಳೆ ಗಿಟ್ಟಿಸುವ ತಂದೆತಾಯಿಗಳನ್ನು ಕಂಡಾಗ ನನಗೆ ಹಸಿಮರಕ್ಕೆ ವಾರ್ನಿಷು ಬಳಿಯುವವರ ನೆನಪಾಗುತ್ತದೆ.

ಈ ವಿದ್ಯೆ ನಮಗೆ ಹೊರಗಿನಿಂದ ಡಬ್ಬಿಯಲ್ಲಿ ಬಂದುದೆಂದು ಯಾರೂ ಭಾವಿಸಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಚಿತ್ರಕ್ಕೆ ಮುನ್ನ ಭಿತ್ತಿಯನ್ನು ಸಿದ್ಧಪಡಿಸುವ ವಿಧಾನವಿದೆ. ಎಮ್ಮೆಯ ತೊಗಲನ್ನು ನೀರಿನಲ್ಲಿ ಬೆಣ್ಣೆಯಂತಾಗುವವರೆಗೆ ಕುದಿಸಿ ಮಾಡುವ ವಜ್ರಲೇಪವೆಂಬ ಸರಿಯನ್ನು ಬಿಳಿಯ ಮಣ್ಣಿನೊಡನೆ ಬೆರೆಸಿ ಭಿತ್ತಿಗೆ ಸವರಬೇಕೆಂದು ಅಲ್ಲಿ ವಿಧಿಸಿದೆ. ಶರಣರು ನಡೆದಾಡಿದ ಕಲ್ಯಾಣದಲ್ಲಿಯೇ, ಅವರಿಗೆ ತುಸು ಹಿಂದೆ, ಒಬ್ಬ ಅರಸನು ಕುಳಿತು ಚಿತ್ರದ ಕೆಳಗಿನ ಲೇಪವನ್ನು ಕುರಿತು ಬರೆದನೆಂಬುದು ಸಣ್ಣ ಸಂಗತಿಯಲ್ಲ.

ಇಂದಿಗೂ ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರ ಮನೆಗಳಲ್ಲಿ ಈ ಶ್ರಮವನ್ನು ಕಣ್ಣಾರೆ ಕಾಣಬಹುದು. ಹಗುರವಾದ ಮರದ ತುಂಡುಗಳನ್ನು ಹುಣಿಸೆಬೀಜದ ಸರಿ, ಕಲ್ಲಿನ ಪುಡಿಗಳಿಂದ ಜೋಡಿಸುವರು. ಗೋಣಿಯ ಚಿಂದಿಗಳನ್ನು ನೆನೆಸಿ, ಸೀಳಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟು ಮತ್ತು ಹುಣಿಸೆಬೀಜದ ಸರಿಯೊಡನೆ ಕಲಸಿದರೆ ಕಿಟ್ಟವೆಂಬ ಮುದ್ದೆಯಾಗುತ್ತದೆ. ಅದನ್ನು ಗೊಂಬೆಯ ಮೈಗೆಲ್ಲ ಕೈಯಿಂದಲೇ ಮೆತ್ತುವರು. ಅದರ ಮೇಲೆ ಹತ್ತಿಬಟ್ಟೆಯ ಚೂರುಗಳನ್ನು ಅಂಟಿಸುವರು. ಅದರ ಮೇಲೆ ಅಂಟು ಬೆರೆಸಿದ ಕಲ್ಲುಪುಡಿಯ ಲೇಪ. ಬಣ್ಣದ ಕುಂಚ ಇನ್ನೂ ಮುಟ್ಟಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ಗೊಂಬೆಯನ್ನು ಕೊಂಡವನು ಅದರ ಕೆನ್ನೆಯ ಹೊಳಪನ್ನೂ ಕಣ್ಣಿನ ಗೆರೆಯನ್ನೂ ಮೆಚ್ಚಿ ಹಣ ಕೊಡುತ್ತಾನೆ. ಮುರುಕು ಗೋಣಿಯ ನಾರು ಒಳಗಿದೆಯೆಂಬುದು ಅವನಿಗೆ ತಿಳಿಯದು. ತಿಳಿದರೆ ಬೆಲೆ ಇಳಿಸೆಂದಾನು!

ಚನ್ನಪಟ್ಟಣದ ಗೊಂಬೆಗಳ ಮಾತು ಬೇರೆ. ಅಲ್ಲಿ ಹಾಲೆಮರವನ್ನು ತಿಂಗಳುಗಟ್ಟಲೆ ಒಣಗಿಸಿ, ಚರಕಿಗೆ ಕೊಟ್ಟು ತಿರುಗಿಸುತ್ತ, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುವರು. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರವನ್ನು ಹಿಡಿದುಕೊಳ್ಳುತ್ತದೆ. ಕೇದಗೆಯ ಜಾತಿಯ ಗರಿಯಿಂದ ಒತ್ತಿ ಉಜ್ಜಿದರೆ ಹೊಳಪೇಳುತ್ತದೆ. ಪ್ರತ್ಯೇಕವಾದ ಅಸ್ತರೇ ಇಲ್ಲ. ಅರಗೇ ಅಸ್ತರು, ಅರಗೇ ಬಣ್ಣ. ಹಾಗಾದರೆ ಅಸ್ತರು ಅನಿವಾರ್ಯವಲ್ಲವೆಂದು ಯಾರಾದರೂ ವಾದಿಸಬಹುದು. ಆದರೆ ಅಲ್ಲಿ ಒತ್ತುನಾರಿನ ಮರವನ್ನು ಆರಿಸಿದ್ದಾರೆ, ಒಣಗಲು ಕಾಲ ಕೊಟ್ಟಿದ್ದಾರೆ, ಮರಕ್ಕೂ ಲೇಪಕ್ಕೂ ಬೆಂಕಿಯ ಸಾಕ್ಷಿಯಲ್ಲಿ ನಂಟು ಬೆಸೆದಿದ್ದಾರೆ. ಲೇಪವೊಂದು ಕಡಮೆಯಾಗಿದೆಯೇ ವಿನಾ ಸಿದ್ಧತೆ ಕಡಮೆಯಾಗಿಲ್ಲ.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಅಸ್ತರನ್ನು ಬಿಟ್ಟು ನೇರವಾಗಿ ಬಣ್ಣ ಬಳಿದ ಕದವು ಮೊದಲ ದಿನ ಹೇಗೆ ಕಾಣುವುದು? ಅಸ್ತರು ಕೊಟ್ಟ ಕದದ ಹಾಗೆಯೇ, ಅಥವಾ ಬಹಳವೇನೂ ಕೀಳಾಗದೆ ಕಾಣುವುದು. ಗೃಹಪ್ರವೇಶಕ್ಕೆ ಬಂದವರಿಗೆ ಭೇದ ತಿಳಿಯದು. ಹೊರಗದದ ಬಣ್ಣ ಎರಡನೆಯ ಮಳೆಗಾಲಕ್ಕೋ ಮೂರನೆಯದಕ್ಕೋ ಸಿಪ್ಪೆಯೇಳುತ್ತದೆ. ಆಗ ಬಣ್ಣದವನು ಎಲ್ಲಿರುವನೋ! ಯಜಮಾನನು ಮಳೆಯನ್ನು ಬಯ್ಯುವನು, ಡಬ್ಬಿಯ ಕಂಪನಿಯನ್ನು ಬಯ್ಯುವನು, ಮರವನ್ನೂ ಬಯ್ಯುವನು. ಆದುದರಿಂದ ಸಿಕ್ಕಿಬೀಳುವ ಭಯವು ಈ ಕಟ್ಟಳೆಗೆ ಆಧಾರವಾಗಲಾರದು. ಕೂಲಿ ಆಧಾರವೇ? ಕೂಲಿಯನ್ನು ಎಣಿಸುವುದು ಕಾಣುವ ಬಣ್ಣಕ್ಕೆ. ಹೆಸರು ಆಧಾರವೇ? ಚೆನ್ನಾದ ಅಸ್ತರು ಹಚ್ಚಿದನೆಂದು ಯಾರ ಹೆಸರೂ ಊರಿನಲ್ಲಿ ಹರಡಿದುದನ್ನು ನಾನು ಕೇಳಿಲ್ಲ.

ನನಗೆ ತೋರುವುದಿಷ್ಟು. ಕದಕ್ಕೆ ಬಣ್ಣ ಹಚ್ಚುವೆನೆಂದು ಒಪ್ಪಿಕೊಂಡವನು ಒಪ್ಪಿಕೊಂಡುದು ಯಾವುದನ್ನು? ಬಣ್ಣದ ತೋರಿಕೆಯನ್ನಲ್ಲ; ನಿಲ್ಲುವ ಬಣ್ಣವನ್ನು. ನಿಲ್ಲದ ಬಣ್ಣವು ಕೆಟ್ಟ ಬಣ್ಣವೆಂಬುದು ಸಾಲದು, ಅದು ಬಣ್ಣವೇ ಅಲ್ಲ, ಬಣ್ಣದ ವೇಷ. ಬೇರಿಲ್ಲದೆ ನೆಟ್ಟ ಕೊಂಬೆಯನ್ನು ಗಿಡವೆನ್ನುವುದಿಲ್ಲವಷ್ಟೆ. ಹೀಗೆ ನೋಡಿದರೆ ಕಾಣದ ಲೇಪವು ಕಾಣುವ ಲೇಪಕ್ಕೆ ಸೇರಿಸಿದ ಹೆಚ್ಚಿನ ಪುಣ್ಯಕಾರ್ಯವಲ್ಲ. ಆಡಿದ ಮಾತಿನಲ್ಲಿಯೇ ಅದು ಅಡಗಿದೆ. ಅಸ್ತರನ್ನು ಬಿಟ್ಟವನು ಕೆಲಸವನ್ನು ಅರ್ಧ ಮಾಡಿದನೆನ್ನುವುದಕ್ಕಿಂತ ಆಡಿದ ಮಾತನ್ನು ಪೂರ್ತಿ ತಪ್ಪಿದನೆನ್ನುವುದು ಸರಿ.

ಇಲ್ಲಿ ಒಂದು ಆಕ್ಷೇಪ ಬರಬಹುದು: ‘ಮರದ ಮೇಲೆ ಏನನ್ನಾದರೂ ಬಳಿಯುವುದೇ ಮರೆಮಾಚುವುದಲ್ಲವೆ? ಅಸ್ತರಾದರೇನು, ಬಣ್ಣವಾದರೇನು, ಎರಡೂ ಮರದ ನಿಜವನ್ನು ಮುಚ್ಚುತ್ತವೆ.’ ಮುಚ್ಚುವುದಕ್ಕೂ ಮರೆಮಾಚುವುದಕ್ಕೂ ಭೇದವಿದೆ. ಲಾಂಬಿಯ ಉದಾಹರಣೆ ತೆಗೆದುಕೊಳ್ಳಿ. ಮೊಳೆಯ ತೂತನ್ನು, ಸಣ್ಣ ಬಿರುಕನ್ನು ಲಾಂಬಿಯಿಂದ ತುಂಬುವುದು ನ್ಯಾಯವಾದ ಕೆಲಸ. ಅಲ್ಲಿ ನೀರು ನಿಲ್ಲದಂತಾಗುವುದು. ಹುಳು ತಿಂದು ಟೊಳ್ಳಾದ ಚೌಕಟ್ಟಿಗೆ ಅದೇ ಲಾಂಬಿಯನ್ನು ಮೆತ್ತಿ, ಉಜ್ಜಿ, ಬಣ್ಣ ಬಳಿದು ಮಾರುವುದು ಅನ್ಯಾಯ. ಎರಡರಲ್ಲಿಯೂ ವಸ್ತು ಒಂದೇ, ಕೈಚಳಕವೂ ಒಂದೇ. ಹಾಗಾದರೆ ಭೇದವನ್ನು ತಿಳಿಯುವುದು ಹೇಗೆ? ಒಳಗೆ ಏನು ಮಾಡಿದೆಯೆಂದು ಯಜಮಾನನು ಕೇಳಿದಾಗ ಹೇಳಬಹುದಾದುದು ಸಂಸ್ಕಾರ, ಹೇಳಲಾಗದುದು ವಂಚನೆ. ಅಸ್ತರು ಮರೆಯಲ್ಲಿದೆ, ಗುಟ್ಟಾಗಿಲ್ಲ.

ದೋಷವೆಲ್ಲವನ್ನೂ ಬಡಿಗನ ಮೇಲೆ, ಬಣ್ಣದವನ ಮೇಲೆ ಹೊರಿಸಿ ಗೃಹಸ್ಥರಾದ ನಾವು ಕೈತೊಳೆದುಕೊಳ್ಳುವಂತಿಲ್ಲ. ಮದುವೆಯೋ ಹಬ್ಬವೋ ಎಂಟು ದಿನವಿರುವಾಗ ಬಣ್ಣದವನನ್ನು ಕರೆಯುವವರು ಯಾರು? ‘ಉಜ್ಜುವುದು ಗಿಜ್ಜುವುದು ಬೇಡ, ಎರಡು ಕೈ ಬಳಿದುಬಿಡು’ ಎನ್ನುವವರು ಯಾರು? ಮೂವರು ಕೆಲಸಗಾರರನ್ನು ಕೇಳಿ, ಅಸ್ತರನ್ನು ಲೆಕ್ಕದಲ್ಲಿ ಹಿಡಿದವನನ್ನು ದುಬಾರಿಯೆಂದು ಬಿಟ್ಟು, ಹಿಡಿಯದವನನ್ನು ಅಗ್ಗವೆಂದು ಆರಿಸುವವರು ಯಾರು? ಹೀಗೆ ವರ್ಷವರ್ಷವೂ ಆರಿಸುತ್ತ ಹೋದರೆ ಪ್ರಾಮಾಣಿಕನು ಕಸುಬು ಬಿಟ್ಟು ಹೋಗುತ್ತಾನೆ. ಆಮೇಲೆ ‘ಈಗಿನ ಕಾಲದಲ್ಲಿ ನಂಬಿಕೆಯ ಕೆಲಸಗಾರರೇ ಇಲ್ಲ’ ಎಂದು ನಾವು ಕಟ್ಟೆಯ ಮೇಲೆ ಕುಳಿತು ಹಲುಬುವೆವು. ಇಲ್ಲದಂತೆ ಮಾಡಿದವರೇ ಇಲ್ಲವೆಂದು ದೂರುವುದು ಸೋಜಿಗ.

ಇನ್ನೊಂದು ಮಾತನ್ನು ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ಕಾಯಕದ ಹೆಸರನ್ನೆತ್ತಿ ಕೂಲಿಯನ್ನು ಇಳಿಸುವವರು ನಮ್ಮಲ್ಲಿದ್ದಾರೆ. ‘ಕಾಯಕವೆಂದು ಮಾಡು, ಕಾಸಿನ ಆಸೆಯಿಂದ ಮಾಡಬೇಡ’ ಎಂದು ಬಡಿಗನಿಗೆ ಬೋಧಿಸಿ, ಮೂರು ದಿನದ ಕೆಲಸಕ್ಕೆ ಎರಡು ದಿನದ ಹಣ ಕೊಡುವರು. ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಬೇರೆ ಉದಾಹರಿಸುವರು. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದ ಪತಿಯನ್ನು ಆಕೆ ಎಚ್ಚರಿಸಿದಳು, ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ಹೇಳಿದಳು. ನಿಜ. ಆದರೆ ಆ ಮಾತನ್ನು ಹೇಳಿದವಳು ಮಾರಯ್ಯನ ಮಡದಿ. ಮಾರಯ್ಯನಿಗೆ ಕೂಲಿ ಕೊಡಬೇಕಾಗಿದ್ದ ಸಾಹುಕಾರನಲ್ಲ. ದುಡಿಯುವವನು ತನಗೆ ತಾನೇ ಹಾಕಿಕೊಳ್ಳಬೇಕಾದ ಮಿತಿಯನ್ನು ದುಡಿಸಿಕೊಳ್ಳುವವನು ಅವನಿಗೆ ಹಾಕುವುದು ಧರ್ಮವಲ್ಲ. ಕಾಯಕದ ತತ್ತ್ವವು ಕೆಲಸಗಾರನಿಗೆ ಹೇಳುವುದು: ಯಾರು ನೋಡದಿದ್ದರೂ ಚೆನ್ನಾಗಿ ಮಾಡು. ಅದೇ ತತ್ತ್ವವು ಯಜಮಾನನಿಗೆ ಹೇಳುವುದು: ನಿನಗೆ ಕಾಣದಿದ್ದರೂ ಪೂರ್ತಿ ಕೊಡು. ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಪಠಿಸುವವರಿಗೆ ಆ ಶಬ್ದವನ್ನು ಉಚ್ಚರಿಸುವ ಅಧಿಕಾರವಿಲ್ಲವೆಂದೇ ನನ್ನ ಅಭಿಪ್ರಾಯ.

ಹಾಗಾದರೆ ಅಸ್ತರಿಗೆ ಹಣ ಕೊಡಲೊಲ್ಲದ ಯಜಮಾನನ ಮನೆಯಲ್ಲಿ ಕೆಲಸಗಾರನು ಏನು ಮಾಡಬೇಕು? ತನ್ನ ಕೈಯಿಂದ ಹಣ ಹಾಕಿ ಮಾಡಬೇಕೆನ್ನುವುದು ಕಠಿಣವಾದ ವಿಧಿ. ಮಕ್ಕಳೊಂದಿಗನಿಗೆ ಅದನ್ನು ವಿಧಿಸಲು ನನಗೆ ಮನಸ್ಸಿಲ್ಲ. ಹಣ ಪಡೆದು, ಮಾಡಿದೆನೆಂದು ಹೇಳಿ, ಮಾಡದಿರುವುದು ಸ್ಪಷ್ಟವಾಗಿ ಕಳವು. ಇವೆರಡರ ನಡುವೆ ಒಂದು ದಾರಿಯಿದೆ: ಬಾಯಿಬಿಟ್ಟು ಹೇಳುವುದು. ‘ಯಜಮಾನರೆ, ಇದು ಎರಡು ಮಳೆಗಾಲಕ್ಕಿಂತ ಹೆಚ್ಚು ನಿಲ್ಲದು, ಬೇಕೆಂದರೆ ಹಚ್ಚುತ್ತೇನೆ, ನಿಲ್ಲುವುದೆಂದು ಮಾತ್ರ ಹೇಳಲಾರೆ’ ಎಂದರೆ ಆ ಕ್ಷಣಕ್ಕೆ ಅವನು ಮಾರುತ್ತಿರುವ ವಸ್ತುವಿನ ಹೆಸರು ಬದಲಾಯಿತು. ಈಗ ಅವನು ನಿಲ್ಲುವ ಬಣ್ಣವನ್ನು ಮಾರುತ್ತಿಲ್ಲ, ಎರಡು ವರ್ಷದ ಬಣ್ಣವನ್ನು ಮಾರುತ್ತಿದ್ದಾನೆ, ಅದು ಸುಳ್ಳಲ್ಲ. ಇಂಥ ಮಾತಿನಿಂದ ಗಿರಾಕಿ ಎದ್ದುಹೋಗಬಹುದೆಂಬ ಭಯವು ನಿಜವಾದುದೇ. ಆ ಭಯವಿರುವುದರಿಂದಲೇ ಇದಕ್ಕೆ ಧೈರ್ಯವೆಂಬ ಹೆಸರು. ಒಳಗಿನ ಕಪಾಟಿನ ಹಿಂಬದಿಗೆ ಹಾಗೆ ಮಾಡಿದರೂ ಚಿಂತೆಯಿಲ್ಲ. ಮಳೆಗೆ ಮುಖವೊಡ್ಡಿದ ಹೆಬ್ಬಾಗಿಲಿಗೆ ಒಲ್ಲೆನೆನ್ನುವುದೇ ಲೇಸು. ಯಜಮಾನನಾದರೋ ಅಸ್ತರು ಹಚ್ಚಿದ ದಿನ ಹೋಗಿ ನೋಡಬೇಕು. ಅದು ಅಪನಂಬಿಕೆಯಲ್ಲ. ಯಾರೂ ನೋಡದ ಕೆಲಸವನ್ನು ಒಬ್ಬನಾದರೂ ನೋಡಿ ಮೆಚ್ಚಿದನೆಂಬುದು ಮಾಡಿದವನಿಗೆ ಸಲ್ಲಬೇಕಾದ ಗೌರವ. ಅಮರಕೋಶವನ್ನು ಬಾಯಿಪಾಠ ಮಾಡಿಸುವ ನಮ್ಮಂಥವರ ವೃತ್ತಿಯೂ ಅಸ್ತರಿನದೇ ಆದುದರಿಂದ ಈ ಮಾತನ್ನು ನಾನು ತುಸು ಸ್ವಾರ್ಥದಿಂದ ಹೇಳುತ್ತಿರುವೆನೆಂದು ಯಾರಾದರೂ ನಕ್ಕರೆ ನಗಲಿ.

ಕಾಣದ ಲೇಪದಲ್ಲಿ ಬೆರೆಸಿದ ವಸ್ತುವಿನ ವಿಷಯವೂ ನೀತಿಯ ಪರಿಧಿಗೆ ಸೇರಿದೆ. ಹಿಂದೆ ಮರದ ಅಸ್ತರಿಗೆ ಬಿಳಿಯ ಸೀಸವನ್ನೂ ಕೆಂಪು ಸೀಸವನ್ನೂ ಅಗಸೆಯೆಣ್ಣೆಯಲ್ಲಿ ಕಲಸಿ ಗುಲಾಬಿ ಬಣ್ಣದ ಲೇಪ ಮಾಡುತ್ತಿದ್ದರು. ಅದು ಬಾಳಿಕೆ ಬರುವುದೆಂಬ ಕೀರ್ತಿ ಸುಳ್ಳಲ್ಲ. ಆದರೆ ಸೀಸವು ವಿಷ. ಉದುರಿದ ಬಣ್ಣದ ಧೂಳು ಅಂಬೆಗಾಲಿಡುವ ಮಗುವಿನ ಬೆರಳಿಗಂಟಿ ಬಾಯಿಗೆ ಹೋದರೆ ಅದರ ಮಿದುಳಿನ ಬೆಳವಣಿಗೆಗೆ ಕುಂದು ತರುತ್ತದೆ, ಮತ್ತು ಆ ಕುಂದು ಸರಿಹೋಗುವಂಥದಲ್ಲ. ಭಾರತ ಸರಕಾರವು 2016ರಲ್ಲಿ ನಿಯಮ ಮಾಡಿ, ಮನೆಗೆ ಬಳಸುವ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಕೂಡದೆಂದು ಗೊತ್ತುಪಡಿಸಿತು; ಅದು 2017ರ ನವೆಂಬರ್ 1ರಿಂದ ಜಾರಿಗೆ ಬಂದಿತು. ಹಳೆಯ ಮನೆಗಳ ಕದಗಳ ಒಳಪದರಗಳಲ್ಲಿ ಹಿಂದಿನ ಲೇಪ ಇನ್ನೂ ಕುಳಿತಿರಬಹುದು. ಅದನ್ನು ಹಚ್ಚಿದವರಿಗೆ ದುರುದ್ದೇಶವಿರಲಿಲ್ಲ. ಆದರೂ ಅಜ್ಜನ ಕಾಲದ ಕಾಣದ ಲೇಪವು ಮರಿಮೊಮ್ಮಗನ ರಕ್ತಕ್ಕೆ ಇಳಿಯಬಲ್ಲುದು. ಮರೆಯಲ್ಲಿರುವುದು ಇಲ್ಲವಾಗಿರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ? ಅಂಥ ಕದವನ್ನು ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸಬಾರದು, ಬೆಂಕಿಯಿಂದ ಸುಡಲೂಬಾರದು. ನೀರು ಹಚ್ಚಿ ತೋಯಿಸಿ ಉಜ್ಜಬೇಕು; ಉಜ್ಜುವವನು ಮೂಗುಬಾಯಿಗಳಿಗೆ ಧೂಳು ತಡೆಯುವ ಮುಖವಾಡ ಕಟ್ಟಿಕೊಳ್ಳಬೇಕು; ಮಕ್ಕಳನ್ನೂ ಬಸುರಿಯರನ್ನೂ ಮನೆಯಿಂದ ದೂರವಿಟ್ಟು, ತೆಗೆದ ಕಸವನ್ನು ಹಿತ್ತಲಿಗೆ ಚೆಲ್ಲದೆ ಕಟ್ಟಿ ಬೇರ್ಪಡಿಸಬೇಕು. ಹಳೆಯ ಲೇಪವು ಎಲ್ಲಿಯೂ ಏಳದೆ ಗಟ್ಟಿಯಾಗಿದ್ದರೆ ಅದನ್ನು ಕೆದಕದೆ ಮೇಲೆ ಹೊಸ ಲೇಪ ಕೊಡುವುದೇ ಮೇಲು.

ವಾರ್ನಿಷನ್ನು ಕುರಿತು ಒಂದು ಮಾತು ಉಳಿದಿದೆ. ಮರದ ಗೆರೆಗಳು ಕಾಣಲೆಂಬ ಆಸೆಯಿಂದ ಹೊರಗಿನ ಕದಕ್ಕೂ ತಿಳಿ ವಾರ್ನಿಷನ್ನೇ ಹಚ್ಚಿಸುವವರು ಈಗ ಹೆಚ್ಚಾಗಿದ್ದಾರೆ. ತಿಳಿಯಾದುದರ ಮೂಲಕ ಬಿಸಿಲೂ ಒಳಗಿಳಿಯುತ್ತದೆ. ಅದು ವಾರ್ನಿಷಿನ ಕೆಳಗಿನ ಮರದ ಮೈಯನ್ನೇ ಸಡಿಲಿಸುವುದರಿಂದ ಲೇಪವು ಹಾಳೆಹಾಳೆಯಾಗಿ ಏಳುತ್ತದೆ. ಬಣ್ಣವಾದರೆ ಬಿಸಿಲನ್ನು ತಡೆಯುತ್ತದೆ. ತಿಳಿ ವಾರ್ನಿಷು ಬೇಕೇ ಬೇಕೆನ್ನುವವರು ಅದನ್ನು ಪಡಸಾಲೆಯ ಒಳಗಿನ ಕದಗಳಿಗೆ ಇಟ್ಟುಕೊಳ್ಳಲಿ.

ಖಾನಾಪುರ ಸೀಮೆಯಲ್ಲಿ ಈ ಕೆಲಸಕ್ಕೆ ತಕ್ಕ ಕಾಲ ದೀಪಾವಳಿಯ ನಂತರ ಮರ ಚೆನ್ನಾಗಿ ಒಣಗಿದಂದಿನಿಂದ ಶಿವರಾತ್ರಿಯವರೆಗೆ. ಮುಂಜಾನೆಯ ಇಬ್ಬನಿ ಆರಿ, ಬಿಸಿಲು ತುಸು ಏರಿದ ಮೇಲೆ ಕುಂಚ ಹಿಡಿಯಬೇಕು. ಕದವನ್ನು ತಿರುಗಣಿಗೆ ಕೂಡಿಸುವ ಮುನ್ನವೇ ಅದರ ಎರಡೂ ಮುಖಗಳಿಗೆ ಅಸ್ತರು ಕೊಡಿಸಿರಿ; ಒಂದೇ ಮುಖಕ್ಕೆ ಕೊಟ್ಟರೆ ಹಲಗೆ ಬಾಗುವುದು. ನಾಲ್ಕು ಅಂಚುಗಳನ್ನೂ ಬಿಡಬೇಡಿರಿ. ಕೊಳವೆಗಳ ಬಾಯಿ ತೆರೆದಿರುವ ಕೆಳ ಅಂಚು ಮುಖದ ಮೈಗಿಂತ ಹಲವು ಪಟ್ಟು ಬೇಗ ನೀರು ಕುಡಿಯುತ್ತದೆ. ಅದಕ್ಕೆ ಎರಡು ಸಲ, ಮೂರು ಸಲ, ಕುಡಿಯುವುದನ್ನು ನಿಲ್ಲಿಸುವವರೆಗೆ ಕೊಡಿಸಬೇಕು. ಕದವನ್ನು ನಿಲ್ಲಿಸಿದ ಮೇಲೆ ಆ ಅಂಚನ್ನು ನೋಡಬೇಕೆಂದರೆ ನೆಲಕ್ಕೆ ಕೆನ್ನೆಯೂರಬೇಕಾಗುವುದು. ಹಚ್ಚಬೇಕೆಂದರೆ ಕದವನ್ನೇ ಕಳಚಬೇಕಾಗುವುದು.